ಗೋಲ್ಕೊಂಡದ ಹೊಸಕೋಟೆಯಲ್ಲಿ ಚೆಂಡಿನ ಊರ್ಧ್ವಗತಿ

ಗೋಲ್ಕೊಂಡದ ದುರ್ಗವನ್ನು ನೋಡಲು ಬರುವ ಯಾತ್ರಿಕರಲ್ಲಿ ಬಹುಮಂದಿ ಫತೇ ದರ್ವಾಜೆಯಿಂದ ಒಳಹೊಕ್ಕು, ಕಮಾನಿನ ಕೆಳಗೆ ನಿಂತು ಚಪ್ಪಾಳೆ ತಟ್ಟಿ, ಬಾಲಾ ಹಿಸಾರಿನ ಮೆಟ್ಟಿಲುಗಳನ್ನು ಏರಿ ಇಳಿದು ಹಿಂದಿರುಗುವರು. ದುರ್ಗದ ಈಶಾನ್ಯ ಭಾಗದಲ್ಲಿ ಹಳೆಯ ಗೋಡೆಗೆ ಹೊಸದೊಂದು ಗೋಡೆಯನ್ನು ಸುತ್ತಿ ಸೇರಿಸಿಕೊಂಡಿರುವ ನಯಾ ಕಿಲಾ, ಎಂದರೆ ಹೊಸಕೋಟೆಯವರೆಗೆ ಹೋಗುವವರು ವಿರಳ. ಹೊಸದೆಂಬುದು ಹೆಸರಿಗೆ ಮಾತ್ರ, ಅದಕ್ಕೂ ಮುನ್ನೂರೈವತ್ತು ವರ್ಷಗಳಿಗೆ ಮಿಗಿಲಾದ ವಯಸ್ಸಾಗಿದೆ. 1656ರಲ್ಲಿ, ಆಗಿನ್ನೂ ಮೊಗಲರ ದಖ್ಖನ್ ಸುಬೇದಾರನಾಗಿದ್ದ ಔರಂಗಜೇಬನು ಗೋಲ್ಕೊಂಡವನ್ನು ಮುತ್ತಿದಾಗ, ಕೋಟೆಯ ಹೊರಗಿದ್ದ ಒಂದು ದಿಬ್ಬವು ಒಳಗಿನವರಿಗೆ ಮಹಾಭಯವಾಗಿ ಪರಿಣಮಿಸಿದ್ದಿತು. ಶತ್ರುವು ಅದರ ನೆತ್ತಿಯ ಮೇಲೆ ತೋಪನ್ನು ಏರಿಸಿದರೆ ಗೋಡೆ ಎಷ್ಟು ದಪ್ಪವಾಗಿದ್ದರೂ ಪ್ರಯೋಜನವಿಲ್ಲ, ಗುಂಡು ಗೋಡೆಯ ಮೇಲಿಂದಲೇ ಬಂದು ಬೀಳುವುದು. ಆ ಮುತ್ತಿಗೆ ಸಂಧಿಯಲ್ಲಿ ಮುಗಿದ ಮೇಲೆ ಅಬ್ದುಲ್ಲಾ ಕುತುಬ್ ಷಹನು ದಿಬ್ಬವನ್ನು ಅಗೆದು ಹಾಕುವ ಬದಲು ಅದನ್ನೇ ಕೋಟೆಯೊಳಕ್ಕೆ ಸೇರಿಸಿಕೊಳ್ಳುವಂತೆ ಹೊಸ ಪ್ರಾಕಾರವನ್ನು ಎತ್ತಿಸಿದನು. ಹೀಗೆ ಈ ನೆಲವು ಕೋಟೆಯ ಭಾಗವಾದದ್ದೇ ಎತ್ತರದಿಂದ ಹಾರಿ ಬರುವ ಗುಂಡಿನ ಭಯದಿಂದ.

ಇಂದು ಆ ಪ್ರಾಕಾರದ ಒಳಗೆ, ಬೆಳಗಿನ ಬಿಸಿಲು ಬುರುಜುಗಳ ಮೇಲೆ ಬೀಳುವ ಹೊತ್ತಿನಲ್ಲಿ, ಬೇರೊಂದು ಬಗೆಯ ಗುಂಡು ಹಾರುತ್ತದೆ. ಒಂದೂವರೆ ಔನ್ಸಿಗಿಂತ ತುಸು ಮಾತ್ರ ಹೆಚ್ಚು ತೂಕದ, ಬಿಳಿಯ ಬಣ್ಣದ, ಮೈತುಂಬ ಕುಳಿಗಳುಳ್ಳ ಗಾಲ್ಫ್ ಚೆಂಡು ಅದು. 1992ರಲ್ಲಿ ಸ್ಥಾಪಿತವಾದ ಹೈದರಾಬಾದ್ ಗಾಲ್ಫ್ ಅಸೋಸಿಯೇಷನ್ನಿನ ಮೈದಾನವು ಈ ನಯಾ ಕಿಲಾದಲ್ಲಿದೆ. ದೇಶದ ವೃತ್ತಿಪರ ಆಟಗಾರರು ಸೇರುವ ಗೋಲ್ಕೊಂಡ ಮಾಸ್ಟರ್ಸ್ ಎಂಬ ಪಂದ್ಯವೂ ಇಲ್ಲಿ ನಡೆಯುತ್ತ ಬಂದಿದೆ. ನಾನು ಮೊದಲು ಅಲ್ಲಿಗೆ ಹೋದದ್ದು ಆಟವನ್ನು ನೋಡಲಿಕ್ಕಲ್ಲ, ಮರವೊಂದನ್ನು ನೋಡಲಿಕ್ಕೆ. ಹತ್ತಿಯಾನ್ ಕಾ ಝಾಡ್, ಆನೆಮರ, ಎಂದು ಊರವರು ಕರೆಯುವ ಆಫ್ರಿಕದ ಬಾವೊಬಾಬ್ ವೃಕ್ಷವು ಅಲ್ಲಿ ನಿಂತಿದೆ. ಅರಬ್ ವರ್ತಕರು ಅದನ್ನು ಕುತುಬ್ ಷಾಹಿ ಸುಲ್ತಾನನಿಗೆ ಕಾಣಿಕೆಯಾಗಿ ತಂದರೆಂಬುದು ಪ್ರತೀತಿ. ನಮ್ಮ ಸವಣೂರಿನ ಮಠದಂಗಳದ ದೊಡ್ಡ ಹುಣಸೆ ಮರಗಳನ್ನು ಕಂಡವರಿಗೆ ಈ ವೃಕ್ಷದ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ, ಅವೂ ಇದೇ ಜಾತಿಯವು.

ಆ ಮರದ ಸಮೀಪದಲ್ಲಿ ನಿಂತಿದ್ದಾಗಲೇ ಈ ಪ್ರಬಂಧಕ್ಕೆ ಬೀಜವಾದ ಮಾತು ನನ್ನ ಕಿವಿಗೆ ಬಿದ್ದಿತು. ಎಪ್ಪತ್ತರ ಆಸುಪಾಸಿನ ವೃದ್ಧರೊಬ್ಬರು ತಮ್ಮ ಕೋಲಿನಿಂದ ಮೂರು ಬಾರಿ ಹೊಡೆದರು. ಮೂರು ಬಾರಿಯೂ ಚೆಂಡು ಆಳೆತ್ತರಕ್ಕೂ ಏರದೆ ಗರಸು ನೆಲದ ಮೇಲೆ ಉರುಳುತ್ತ ಹೋಗಿ ಹಳ್ಳಕ್ಕೆ ಬಿದ್ದಿತು. ಎತ್ತಬೇಕೆಂದು ಅವರು ಪಟ್ಟ ಶ್ರಮವೆಲ್ಲವೂ ಅವರ ಹೆಗಲಿನಲ್ಲಿ ಕಾಣುತ್ತಿದ್ದಿತು. ಕೋಲುಗಳ ಚೀಲವನ್ನು ಹೊತ್ತಿದ್ದ ಕ್ಯಾಡಿಯು, ಅವನಿಗೂ ಐವತ್ತು ದಾಟಿದ್ದಿರಬೇಕು, ಬಹಳ ವಿನಯದಿಂದ, "ನೀಚೆ ಮಾರೋ ಸಾಬ್, ಊಪರ್ ಆಪೀಚ್ ಜಾತಾ" ಎಂದನು. ಕೆಳಕ್ಕೆ ಹೊಡೆಯಿರಿ, ಮೇಲಕ್ಕೆ ತಾನಾಗಿಯೇ ಹೋಗುತ್ತದೆ. ಈ ದಖನಿ ವಾಕ್ಯದೊಳಗೆ ಒಂದು ಕುಶಲಕಲೆಯ ಇನ್ನೂರು ವರ್ಷಗಳ ಚರಿತ್ರೆ ಅಡಗಿದೆಯೆಂಬುದು ನನಗೆ ಆಮೇಲೆ ತಿಳಿಯಿತು. ನಮ್ಮ ಹಳ್ಳಿಯ ಹುಡುಗರಿಗೆ ಇದು ಹೊಸ ಮಾತಲ್ಲ. ಚಿಣಿಪಣಿ ಆಡುವಾಗ ಚಿಣಿಯ ಚೂಪಾದ ತುದಿಯನ್ನು ಕೆಳಕ್ಕೆ ತಟ್ಟಿದರೆ ತಾನೆ ಅದು ಮೇಲಕ್ಕೆ ಚಿಮ್ಮುವುದು?

ಗಾಲ್ಫಿನ ಕೋಲುಗಳಲ್ಲಿ ಎರಡು ಕುಲಗಳುಂಟು, ಕಬ್ಬಿಣದವು ಮತ್ತು ಮರದವು. ಇಂದು ಮರದ ಕೋಲೆಂಬುದರಲ್ಲಿ ಮರದ ಚೂರೂ ಇಲ್ಲ. ಉಕ್ಕು, ಟೈಟೇನಿಯಂ, ಇಂಗಾಲದ ನಾರು ಇವುಗಳಿಂದ ಮಾಡಿದ ಪೊಳ್ಳು ತಲೆಯನ್ನು ಈಗಲೂ 'ವುಡ್' ಎಂದೇ ಕರೆಯುವರು. ವಸ್ತುವು ಹೋದರೂ ಹೆಸರು ಉಳಿದಿರುವುದಕ್ಕೆ ಕಾರಣ, ಆ ಹೆಸರಿನೊಡನೆ ಬಡಗಿಗಳ ಒಂದು ಪರಂಪರೆಯೇ ಬೆಸೆದುಕೊಂಡಿರುವುದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಮೊದಲಾದ ಕಡಲತೀರದ ಊರುಗಳಲ್ಲಿ ಈ ಕುಶಲಿಗಳು ಸೇಬು, ಪೇರು, ಬೀಚ್ ಮುಂತಾದ ಮರಗಳಿಂದ ಉದ್ದಮೂತಿಯ ತಲೆಗಳನ್ನು ಕೆತ್ತಿ, ಹಿಂಬದಿಯಲ್ಲಿ ಗುಳಿ ತೋಡಿ ಕರಗಿದ ಸೀಸವನ್ನು ಹೊಯ್ದು, ನೆಲಕ್ಕೆ ತಾಗುವ ಅಂಚಿಗೆ ಟಗರಿನ ಕೊಂಬಿನ ಪಟ್ಟಿಯನ್ನು ಕೂಡಿಸುತ್ತಿದ್ದರು. ನೇರ ಮುಖದ ಕೋಲಿನಿಂದ ಮೊದಲನೆಯ ಹೊಡೆತ. ಆ ಬಳಿಕ, ಚೆಂಡು ಹುಲ್ಲಿನಲ್ಲಿ ಬಿದ್ದಿರುವಾಗ ಅದನ್ನು ಎತ್ತಿ ಹಾರಿಸಲು ಬೇರೆ ಕೋಲುಗಳು. ಇವುಗಳಿಗೆ ಅವರಿಟ್ಟ ಹೆಸರು 'ಸ್ಪೂನ್', ನಮ್ಮ ಅಡಿಗೆಮನೆಯ ಚಮಚವೇ. ಮುಖವು ಹಿಂದಕ್ಕೆ ವಾಲಿ ಒಳಕ್ಕೆ ತುಸು ಬಾಗಿದ್ದುದರಿಂದ ಆ ಹೆಸರು ಸಾರ್ಥಕವಾಗಿದ್ದಿತು. ಉದ್ದನೆಯ ಸ್ಪೂನು, ನಡುವಿನ ಸ್ಪೂನು, ಗಿಡ್ಡ ಸ್ಪೂನು, ಎಲ್ಲಕ್ಕಿಂತ ಹೆಚ್ಚು ವಾಲಿದ 'ಬ್ಯಾಫಿಂಗ್ ಸ್ಪೂನು' ಎಂದು ಅವುಗಳಲ್ಲಿ ಶ್ರೇಣಿಯಿದ್ದಿತು. ಕೊನೆಯದು ಚೆಂಡಿನ ಹಿಂದಿನ ನೆಲವನ್ನು ತಟ್ಟಿ ಮುಂದೆ ಸರಿದು ಚೆಂಡನ್ನು ಎತ್ತುತ್ತಿದ್ದಿತು. ಕ್ಯಾಡಿಯ ಉಪದೇಶವನ್ನು ಬಡಗಿಯು ಮರದಲ್ಲಿಯೇ ಕೆತ್ತಿಟ್ಟಂತಾಯಿತು.

ಆಗಿನ ಚೆಂಡು ಕೂಡ ವಿಚಿತ್ರವಾದುದು. ಹಕ್ಕಿಯ ಪುಕ್ಕಗಳನ್ನು ಬೇಯಿಸಿ ಚರ್ಮದ ಚೀಲದೊಳಕ್ಕೆ ಒತ್ತಿ ತುಂಬಿ ಹೊಲಿದದ್ದು. ಇಂಥ ಚೆಂಡನ್ನೂ ಸ್ಪೂನುಗಳನ್ನೂ ಹಡಗಿನಲ್ಲಿಟ್ಟುಕೊಂಡೇ ಸ್ಕಾಟರು ಭಾರತಕ್ಕೆ ಬಂದರು. 1829ರಲ್ಲಿ ಕಲ್ಕತ್ತೆಯ ದಂ ದಂನಲ್ಲಿ ಹುಟ್ಟಿದ ಕ್ಲಬ್ಬು ಬ್ರಿಟಿಷ್ ದ್ವೀಪಗಳ ಹೊರಗೆ ಜಗತ್ತಿನಲ್ಲಿಯೇ ಮೊದಲನೆಯದು, 1842ರಲ್ಲಿ ಮುಂಬಯಿಯಲ್ಲಿ ಎರಡನೆಯದು, 1876ರಲ್ಲಿ ಬೆಂಗಳೂರಿನಲ್ಲಿ. ಈ ನಡುವೆ, 1840ರ ದಶಕದಲ್ಲಿ, ಮಲಯದ ಕಾಡಿನ ಮರದ ಹಾಲಿನಿಂದ ಮಾಡಿದ ಗಟಾಪರ್ಚಾ ಚೆಂಡು ಬಂದಿತು. ಪೂರ್ವದೇಶದಿಂದ ಸೇಂಟ್ ಆಂಡ್ರೂಸಿಗೆ ಕಳುಹಿಸಿದ್ದ ವಿಷ್ಣುವಿನ ವಿಗ್ರಹವೊಂದಕ್ಕೆ ಪೆಟ್ಟಾಗದಿರಲೆಂದು ಸುತ್ತಲೂ ತುಂಬಿದ್ದ ಗಟಾಪರ್ಚಾ ಚೂರುಗಳನ್ನು ಕರಗಿಸಿ ಪ್ಯಾಟರ್ಸನ್ ಎಂಬ ತರುಣನು ಮೊದಲ ಚೆಂಡನ್ನು ಉಂಡೆಕಟ್ಟಿದನೆಂದು ಒಂದು ಕಥೆಯುಂಟು. ಕಥೆಯಲ್ಲಿ ಸತ್ಯಾಂಶವೆಷ್ಟಾದರೂ ಇರಲಿ, ಆ ಚೆಂಡು ಪುಕ್ಕದ ಚೆಂಡಿಗಿಂತ ಅಗ್ಗವೂ ಗಟ್ಟಿಯೂ ಆಗಿದ್ದು, ಉದ್ದಮೂತಿಯ ತಲೆಗಳನ್ನು ಬಿರಿಯಿಸತೊಡಗಿತು. ತಲೆಗಳು ಗಿಡ್ಡವಾಗಿ ದಪ್ಪವಾದವು. ಒಡೆದು ಹೋಗುವ ತಳಕ್ಕೆ ಕೊಂಬಿನ ಪಟ್ಟಿ ಸಾಲದೆ ಹಿತ್ತಾಳೆಯ ತಗಡನ್ನು ಜಡಿದರು. ಕಲ್ಲುನೆಲದ ಮೇಲೆ, ದಾರಿಯ ಮೇಲೆ ಬಿದ್ದ ಚೆಂಡನ್ನು ಧೈರ್ಯವಾಗಿ ಹೊಡೆಯಬಹುದಾದ ಆ ಕೋಲಿಗೆ ಹಿತ್ತಾಳೆಯಿಂದಲೇ 'ಬ್ರಾಸಿ' ಎಂದು ಹೆಸರಾಯಿತು.

ನಮ್ಮ ದಖ್ಖನಿನ ನೆಲಕ್ಕೆ ಬ್ರಾಸಿಯಂತಹ ಕೋಲು ಬೇಕೇಬೇಕಾಗಿದ್ದಿತೆಂದು ನಾನು ನಂಬುತ್ತೇನೆ. ಕಡಲತೀರದ ಸ್ಕಾಟ್ ನೆಲವು ಮರಳಿನ ಮೇಲೆ ಬೆಳೆದ ಹುಲ್ಲು; ನಮ್ಮದು ಗರಸು, ಕಗ್ಗಲ್ಲು, ಚೈತ್ರ ವೈಶಾಖಗಳಲ್ಲಿ ಇಟ್ಟಿಗೆಯಂತೆ ಬೆಂದು ನಿಲ್ಲುವ ಮಣ್ಣು. ಕೋಲಾರದ ಚಿನ್ನದ ಗಣಿಗಳಲ್ಲಿ ಆಂಗ್ಲ ಇಂಜಿನಿಯರರು ಕಟ್ಟಿಕೊಂಡ ಮೈದಾನದಲ್ಲಿ ಗುಳಿಯ ಸುತ್ತ ಹಸುರು ಹುಲ್ಲಿನ ಬದಲು ಮರಳನ್ನು ಹಾಸಿ 'ಬ್ರೌನ್' ಎಂದು ಕರೆದರು, ಹಸುರಿರಬೇಕಾದೆಡೆಯಲ್ಲಿ ಕಂದು. ಹೈದರಾಬಾದಿನ ಬಂಡೆಗಳೋ, ಭೂಗರ್ಭಜ್ಞರ ಗಣನೆಯಲ್ಲಿ ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಪ್ರಾಚೀನವಾದವು. ಗಚ್ಚಿಬೌಲಿಯ ಕಡೆಯಲ್ಲಿ ಪೀಟರ್ ಹ್ಯಾರಡೈನ್ ಎಂಬ ಶಿಲ್ಪಿಯು ರಚಿಸಿದ ಬೌಲ್ಡರ್ ಹಿಲ್ಸ್ ಮೈದಾನವು ಆ ಬಂಡೆಗಳ ಹೆಸರನ್ನೇ ಹೊತ್ತಿದೆ. ಇಂತಹ ನೆಲದಲ್ಲಿ ತಗ್ಗಾಗಿ ಓಡುವ ಚೆಂಡಿಗೆ ಗತಿಯಿಲ್ಲ. ಒಂದು ಬಂಡೆಗೆ ತಾಗಿದರೆ ಎತ್ತ ಹೋಗುವುದೋ ಹೇಳಲಾಗದು. ಎತ್ತರಕ್ಕೆ ಏರಿ, ಕಡಿದಾಗಿ ಇಳಿದು, ಬಿದ್ದ ಕಡೆಯಲ್ಲಿ ನಿಲ್ಲುವ ಚೆಂಡೇ ಇಲ್ಲಿ ಮನೆ ಸೇರುವುದು.

ಕೋಲಿನ ಬಡಗಿಗಳು ಸಾಮಗ್ರಿಯನ್ನು ಅರಸಿದ ಬಗೆ ನನಗೆ ಬಹಳ ಪ್ರಿಯವಾದ ಅಧ್ಯಾಯ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ಎಂಬವನು ರಬ್ಬರಿನ ಎಳೆಗಳನ್ನು ಬಿಗಿಯಾಗಿ ಸುತ್ತಿದ ಚೆಂಡನ್ನು ಹೊರತಂದ ಬಳಿಕ, ಅದಕ್ಕೆ ತಕ್ಕ ಗಟ್ಟಿಯಾದ ಮರವು ಬೇಕಾಯಿತು. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಬೆಳೆಯುವ ಪರ್ಸಿಮನ್ ಮರದಲ್ಲಿ ಅದು ದೊರೆಯಿತು. ಈ ಮರವನ್ನು ಅದಾಗಲೇ ಬಲ್ಲವರು ಗಾಲ್ಫ್ ಆಡುವವರಲ್ಲ, ನೇಯುವವರು. ಬಟ್ಟೆಯ ಗಿರಣಿಗಳಲ್ಲಿ ಹಾಸಿನೆಳೆಗಳ ನಡುವೆ ದಿನವೆಲ್ಲ ಅತ್ತಿತ್ತ ಓಡಿ ಪೆಟ್ಟು ತಿನ್ನುವ ಲಾಳಿಯನ್ನು ಅದರಿಂದ ಮಾಡುತ್ತಿದ್ದರು. ಸಿಬಿರೇಳದೆ, ಉಜ್ಜಿದಷ್ಟೂ ನುಣುಪಾಗುವುದು ಅದರ ಗುಣ. ಪೆಟ್ಟು ತಿಂದು ಸವೆಯದ ಲಾಳಿಯ ಮರವು ಪೆಟ್ಟು ಕೊಡುವ ಕೋಲಿಗೂ ಒದಗಿದುದರಲ್ಲಿ ಆಶ್ಚರ್ಯವೇನು? ಸುಮಾರು ಎಂಬತ್ತು ವರ್ಷಗಳ ಕಾಲ ಜಗತ್ತಿನ ಶ್ರೇಷ್ಠ ಹೊಡೆತಗಳು ಈ ಮರದಿಂದಲೇ ಹೊರಟವು. 1935ರಲ್ಲಿ ಅಮೆರಿಕದ ಅಗಸ್ಟಾ ಮೈದಾನದ ಹದಿನೈದನೆಯ ಗುಳಿಯಲ್ಲಿ ಜೀನ್ ಸ್ಯಾರಜೆನ್ನನು ಇನ್ನೂರು ಗಜಗಳಿಗೆ ಮೀರಿದ ದೂರದಿಂದ ನೀರಿನ ಮೇಲೆ ಹಾಯಿಸಿ, ಎರಡನೆಯ ಹೊಡೆತದಲ್ಲಿಯೇ ಚೆಂಡನ್ನು ಗುಳಿಗೆ ಸೇರಿಸಿದುದು ನಾಲ್ಕನೆಯ ಮರದ ಕೋಲಿನಿಂದ, ಎಂದರೆ ಹೆಚ್ಚು ವಾಲಿದ, ಚೆಂಡನ್ನು ಬೇಗನೆ ಏರಿಸುವ ಕೋಲಿನಿಂದ. ಬ್ರಾಸಿ, ಸ್ಪೂನು ಎಂಬ ಮುದ್ದಾದ ಹೆಸರುಗಳನ್ನು ಎರಡು, ಮೂರು, ನಾಲ್ಕೆಂಬ ಸಂಖ್ಯೆಗಳು ನುಂಗಿದುದೂ ಸರಿಸುಮಾರು ಆ ಕಾಲದಲ್ಲಿಯೇ. ಇದರಿಂದ ವ್ಯಾಪಾರಕ್ಕೆ ಅನುಕೂಲವಾಯಿತು; ಭಾಷೆಗೆ ಆದುದು ನಷ್ಟವೇ.

ಪರ್ಸಿಮನ್ ಮರಕ್ಕೆ ತೆಲಂಗಾಣದಲ್ಲಿ ಒಬ್ಬ ದಾಯಾದಿ ಇದ್ದಾನೆ. ಸಸ್ಯಶಾಸ್ತ್ರಜ್ಞರು ಡಯೋಸ್ಪೈರಸ್ ಎಂದು ಕರೆಯುವ ಆ ಕುಲಕ್ಕೆ ನಮ್ಮ ಕರಿಮರವೂ ಸೇರುತ್ತದೆ. ಆದಿಲಾಬಾದು, ಖಮ್ಮಂಗಳ ಕಾಡಿನಲ್ಲಿ ಬೆಳೆಯುವ, ತೆಲುಗರು ತುನಿಕಿ ಎನ್ನುವ, ಹಿಂದಿಯವರು ತೇಂದು ಎನ್ನುವ ಮರವೂ ಸೇರುತ್ತದೆ. ಬೇಸಗೆಯಲ್ಲಿ ಕಾಡಿನ ಜನರು ಅದರ ಎಲೆಯನ್ನು ಕೊಯ್ದು ಒಣಗಿಸಿ ಕಟ್ಟುಕಟ್ಟಿ ಮಾರುವರು. ನಿಜಾಮಾಬಾದಿನ, ಕರೀಂನಗರದ ಮನೆಗಳಲ್ಲಿ ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಆ ಎಲೆಯಲ್ಲಿ ಬೀಡಿಯನ್ನು ಸುತ್ತುವರು. ಒಂದೇ ಕುಲದ ಎರಡು ಮರಗಳಲ್ಲಿ ಒಂದು ಶ್ರೀಮಂತರ ಕ್ರೀಡೆಯ ಕೋಲಾಗಿ, ಮತ್ತೊಂದು ಬಡವರ ಕೂಲಿಯಾಗಿ ಬಾಳಿದ ಈ ಸಂಗತಿಯನ್ನು ಬರೆಯುವಾಗ ನನ್ನ ಲೇಖನಿ ಸ್ವಲ್ಪ ಹೊತ್ತು ನಿಂತಿತು.

ಚೆಂಡು ಗಾಳಿಯಲ್ಲಿ ನಿಲ್ಲುವುದೇಕೆಂಬುದನ್ನು ಬಡಗಿಗಳು ಕೈಯಿಂದ ಅರಿತಿದ್ದರೇ ಹೊರತು ಬುದ್ಧಿಯಿಂದ ಬಿಡಿಸಿರಲಿಲ್ಲ. ಅದನ್ನು ಬಿಡಿಸಿದವನು ಎಡಿನ್‌ಬರೋ ವಿಶ್ವವಿದ್ಯಾನಿಲಯದ ಭೌತಶಾಸ್ತ್ರಜ್ಞ ಪೀಟರ್ ಗಥ್ರಿ ಟೇಟ್. ಹಿಮ್ಮುಖವಾಗಿ ತಿರುಗುತ್ತ ಹೋಗುವ ಚೆಂಡನ್ನು ಗಾಳಿಯೇ ಮೇಲಕ್ಕೆ ಎತ್ತಿ ಹಿಡಿಯುತ್ತದೆಂಬುದನ್ನು ಅವನು ಗಣಿತದಿಂದ ತೋರಿಸಿಕೊಟ್ಟನು. ಅವನ ಮಗ ಫ್ರೆಡ್ಡಿಯು 1896ರಲ್ಲಿಯೂ 1898ರಲ್ಲಿಯೂ ಬ್ರಿಟನ್ನಿನ ಹವ್ಯಾಸಿಗಳ ಪ್ರಶಸ್ತಿಯನ್ನು ಗೆದ್ದ ಅಸಾಧಾರಣ ಆಟಗಾರ. 1900ರಲ್ಲಿ ದಕ್ಷಿಣ ಆಫ್ರಿಕದ ಬೋಯರ್ ಯುದ್ಧದಲ್ಲಿ ಗುಂಡಿಗೆ ಬಲಿಯಾದನು. ತಂದೆಯು ಮರುವರ್ಷವೇ ತೀರಿಕೊಂಡನು. ಕೋಲಿನ ಮುಖವು ಹಿಂದಕ್ಕೆ ವಾಲಿರುವುದರಿಂದ ಎರಡು ಕಾರ್ಯಗಳು ಏಕಕಾಲದಲ್ಲಿ ಆಗುತ್ತವೆ: ಚೆಂಡು ಮೇಲ್ಮುಖವಾಗಿ ಹೊರಡುತ್ತದೆ, ಹಿಮ್ಮುಖವಾಗಿ ತಿರುಗುತ್ತದೆ. ಆಟಗಾರನು ತಾನೇ ಎತ್ತಲು ಹೋಗಿ ಬೆನ್ನನ್ನು ಹಿಂದಕ್ಕೆ ಬಾಗಿಸಿದನೆಂದರೆ ಕೋಲು ಚೆಂಡಿನ ನಡುವಿಗೆ ತಾಗಿ, ಆ ವೃದ್ಧರ ಚೆಂಡಿನಂತೆ ಅದು ನೆಲವನ್ನು ಸವರುತ್ತ ಓಡುವುದು.

1979ರಲ್ಲಿ ಗ್ಯಾರಿ ಆಡಮ್ಸ್ ಎಂಬವನು ಟೇಲರ್‌ಮೇಡ್ ಎಂಬ ಹೆಸರಿನಲ್ಲಿ ಪೊಳ್ಳು ಉಕ್ಕಿನ ತಲೆಯುಳ್ಳ 'ವುಡ್' ಅನ್ನು ಮಾರಾಟಕ್ಕೆ ತಂದಾಗ, ಉಕ್ಕಿನ ಊರಾದ ಪಿಟ್ಸ್‌ಬರ್ಗಿನ ಹೆಸರನ್ನು ಸೇರಿಸಿ ಅದನ್ನು 'ಪಿಟ್ಸ್‌ಬರ್ಗಿನ ಪರ್ಸಿಮನ್' ಎಂದರು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಪರ್ಸಿಮನ್ ಬಡಗಿಗಳ ಮಳಿಗೆಗಳು ಒಂದೊಂದಾಗಿ ಮುಚ್ಚಿದವು. ಮರದ ತಲೆಯಲ್ಲಿ ತೂಕವು ಮೈಯೆಲ್ಲ ಹರಡಿರುತ್ತದೆ. ಪೊಳ್ಳು ಲೋಹದಲ್ಲಿಯೋ, ಕುಶಲಿಯು ಬೇಕಾದಲ್ಲಿ ಬೇಕಾದಷ್ಟು ತೂಕವನ್ನು ಇಡಬಲ್ಲನು. ತೂಕವು ತಳದಲ್ಲಿಯೂ ಹಿಂಬದಿಯಲ್ಲಿಯೂ ಸೇರಿದಷ್ಟೂ ಚೆಂಡು ಸುಲಭವಾಗಿ ಏರುವುದು. ಹಿಂಬದಿಯ ಗುಳಿಯಲ್ಲಿ ಸೀಸ ಹೊಯ್ದ ಸೇಂಟ್ ಆಂಡ್ರೂಸಿನ ಬಡಗಿಯು ಕೈಗೆಟುಕಿದಷ್ಟು ಮಾಡಿದ್ದುದನ್ನೇ ಇವರು ಪೂರ್ಣವಾಗಿ ಸಾಧಿಸಿದರು. 1975ರಲ್ಲಿಯೇ ಕೋಬ್ರಾ ಸಂಸ್ಥೆಯ ಟಾಮ್ ಕ್ರೋ ತಳದಲ್ಲಿ ಎರಡು ಹಳಿಗಳನ್ನು ಜೋಡಿಸಿ, ಹುಲ್ಲನ್ನು ಸೀಳಿಕೊಂಡು ಜಾರುವ ಕೋಲೊಂದನ್ನು ಮಾಡಿ, ಹಳೆಯ ಬ್ಯಾಫಿಂಗ್ ಸ್ಪೂನಿನ ನೆನಪಿಗೋ ಎಂಬಂತೆ 'ಬ್ಯಾಫ್ಲರ್' ಎಂದು ಕರೆದಿದ್ದನು. 1990ರ ದಶಕದ ನಡುವಿನಲ್ಲಿ ಬಾರ್ನಿ ಆಡಮ್ಸನ 'ಟೈಟ್ ಲೈಸ್' ಬಂದಿತು. ಬೋಳು ನೆಲಕ್ಕೆ ಅಂಟಿಕೊಂಡು ಬಿದ್ದ ಚೆಂಡಿಗೆ ಎತ್ತರ ಮುಖದ ಕೋಲು ಸಲ್ಲದೆಂದು ತಿಳಿದು, ಅವನು ಮುಖವನ್ನು ತಗ್ಗಿಸಿ ತಲೆಯ ಅಗಲವನ್ನೆಲ್ಲ ಕೆಳಕ್ಕೆ ತಂದನು. ನಯಾ ಕಿಲಾದ ಬೇಸಗೆಯ ನೆಲವನ್ನು ಕಂಡವರಿಗೆ ಆ ಕೋಲು ಈ ಊರಿಗಾಗಿಯೇ ಹುಟ್ಟಿತೋ ಎನಿಸಿದರೆ ತಪ್ಪಲ್ಲ.

ಆಮೇಲೆ ಹೈಬ್ರಿಡ್ಡು. ಕಬ್ಬಿಣದ ಕೋಲಿನ ಗಿಡ್ಡ ಹಿಡಿಯನ್ನೂ ಮರದ ಕೋಲಿನ ಹೊಟ್ಟೆಯನ್ನೂ ಕೂಡಿಸಿದ ಈ ಸಂಕರಜಾತಿಯನ್ನು ಹಳೆಯ ಆಟಗಾರರು ಮೊದಮೊದಲು ಮುದುಕರ ಆಸರೆಯೆಂದು ಕಡೆಗಣಿಸಿದರು. 2009ರಲ್ಲಿ ಅಮೆರಿಕದ ಹೇಝಲ್ಟೀನ್ ಮೈದಾನದ ಕೊನೆಯ ಗುಳಿಯಲ್ಲಿ, ಕೊರಿಯದ ವೈ. ಇ. ಯಾಂಗನು ಇನ್ನೂರು ಗಜಗಳಾಚೆಯಿಂದ ಹೈಬ್ರಿಡ್ಡಿನಲ್ಲಿ ಎತ್ತಿದ ಚೆಂಡು ಗುಳಿಯ ಸಮೀಪದಲ್ಲಿಯೇ ಬಂದು ನಿಂತು, ಟೈಗರ್ ವುಡ್ಸನನ್ನು ಸೋಲಿಸಿ, ಪುರುಷರ ಮಹಾಪಂದ್ಯವೊಂದನ್ನು ಗೆದ್ದ ಏಷ್ಯದ ಮೊದಲಿಗನನ್ನಾಗಿ ಅವನನ್ನು ಮಾಡಿದ ಮೇಲೆ ಆ ತಾತ್ಸಾರಕ್ಕೆ ಎಡೆಯುಳಿಯಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಚೀಲ ಹೊತ್ತು ಆಟ ಕಲಿತ ಸಿ. ಮುನಿಯಪ್ಪನವರು ಇಂಡಿಯನ್ ಓಪನ್ನನ್ನು ಗೆದ್ದರೆಂಬುದನ್ನು ಇಲ್ಲಿ ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಕೋಲುಗಳ ಗುಣಾವಗುಣಗಳನ್ನು ಒಡೆಯನಿಗಿಂತ ಚೆನ್ನಾಗಿ ಅರಿಯುವವನು, ಹೊತ್ತು ನಡೆದು ನೋಡಿ ಆರಿಸಿಕೊಡುವ ಕ್ಯಾಡಿ.

ಹಾಗೆ ಆರಿಸುವಾಗ ಅವನು ನೋಡುವುದೇನು? ತಲೆಯ ಮೇಲಿನ ಸಂಖ್ಯೆಯನ್ನಲ್ಲ, ಮುಖದ ವಾಲನ್ನು. ಮೂರನೆಯ ವುಡ್ಡಿನದು ಸಾಮಾನ್ಯವಾಗಿ 15 ಡಿಗ್ರಿ, ಐದನೆಯದು 18ರ ಆಚೆ ಈಚೆ, ಏಳನೆಯದು 21ರ ಸುಮಾರು. ಕೈಯಲ್ಲಿ ವೇಗ ಕುಗ್ಗಿದವರು 15 ಡಿಗ್ರಿಯಿಂದ ಎತ್ತರವನ್ನು ಬಯಸುವುದು ಬರಿಯ ಆಸೆ. ಅಂಥವರಿಗೆ ಏಳನೆಯದೇ ಹೆಚ್ಚು ದೂರವನ್ನು ಕೊಟ್ಟೀತು, ಏಕೆಂದರೆ ಗಾಳಿಯಲ್ಲಿ ನಿಂತಷ್ಟು ಹೊತ್ತೂ ಚೆಂಡು ಮುಂದಕ್ಕೆ ಸಾಗುತ್ತಲೇ ಇರುತ್ತದೆ. ವಾಲು ಒಂದೇ ಆಗಿರುವ ವುಡ್ಡಿಗೂ ಹೈಬ್ರಿಡ್ಡಿಗೂ ಭೇದವುಂಟು: ವುಡ್ಡಿನ ತಲೆ ಹಿಂದಕ್ಕೆ ಆಳವಾಗಿದ್ದು, ಅದರ ಹಿಡಿಯು ಉದ್ದವಾಗಿರುವುದರಿಂದ ಚೆಂಡು ಹೆಚ್ಚು ಎತ್ತರಕ್ಕೆ ಹೋಗಿ ಮೆತ್ತಗೆ ಇಳಿಯುವುದು, ಹೈಬ್ರಿಡ್ಡು ತುಸು ತಗ್ಗಾಗಿ ಹಾರಿಸಿದರೂ, ಗಿಡ್ಡ ಹಿಡಿಯ ಕಾರಣದಿಂದ ಕೈಗೆ ವಶವಾಗಿದ್ದು, ಹುಲ್ಲುಗಾವಲಿನ ಪೊದೆಯಲ್ಲಿಯೂ ಗರಸಿನಲ್ಲಿಯೂ ಸಿಕ್ಕಿದ ಚೆಂಡನ್ನು ಬಿಡಿಸಿ ತರುವುದು. ಮಳೆಗಾಲದ ಮುಂಗಾಳಿ ಎದುರಾಗಿ ಬೀಸುವ ದಿನ ಎತ್ತರವೇ ಶತ್ರುವೆಂಬುದನ್ನೂ ಮರೆಯಲಾಗದು.

ನಯಾ ಕಿಲಾದಲ್ಲಿ ಮಸೀದಿಗಳಿವೆ, ಉತ್ಖನನದಲ್ಲಿ ಬೆಳಕಿಗೆ ಬಂದ ಕುತುಬ್ ಷಾಹಿ ಉದ್ಯಾನದ ಅವಶೇಷಗಳಿವೆ. ಪುರಾತನವಾದ ಇಂಥ ಪ್ರಾಕಾರದೊಳಗೆ ಆಟದ ಮೈದಾನವಿರುವುದು ಸಾಧುವೇ ಎಂದು ಕೇಳುವವರ ಪ್ರಶ್ನೆ ನನ್ನದೂ ಹೌದು. ಆನೆಮರದ ಬಳಿಗೆ ಯಾರು ಬೇಕಾದರೂ, ಯಾರನ್ನೂ ಕೇಳದೆ, ನಡೆದು ಹೋಗುವಂತಿರಬೇಕೆಂದು ನಾನು ಮನಃಪೂರ್ವಕವಾಗಿ ಬಯಸುತ್ತೇನೆ. 1687ರಲ್ಲಿ ಔರಂಗಜೇಬನು ಚಕ್ರವರ್ತಿಯಾಗಿ ಮತ್ತೆ ಬಂದು ಎಂಟು ತಿಂಗಳು ಮುತ್ತಿದಾಗ ಈ ಗೋಡೆಗಳ ಮೇಲಿಂದ ಗುಂಡುಗಳು ಎರಡು ಕಡೆಗೂ ಹಾರಿದವು. ಒಳಗಿನಿಂದ ಹಾರಿದ ಒಂದು ಗುಂಡು ಮೊಗಲ್ ಸರದಾರ ಖ್ವಾಜಾ ಆಬಿದನ ತೋಳನ್ನು ಛಿದ್ರಗೊಳಿಸಿತು, ಅವನು ಆ ಗಾಯದಿಂದಲೇ ಮಡಿದನು. ಮುಂದೆ ಹೈದರಾಬಾದನ್ನು ಆಳಿದ ನಿಜಾಮರ ವಂಶಕ್ಕೆ ಮೂಲಪುರುಷನಾದ ಮೊದಲ ನಿಜಾಮನು ಅವನ ಮೊಮ್ಮಗ. ಕೋಟೆಯು ಕಡೆಗೆ ಬಿದ್ದದ್ದು ಗುಂಡಿನಿಂದಲ್ಲ, ರಾತ್ರಿಯಲ್ಲಿ ಒಳಗಿನವನೊಬ್ಬನು ತೆರೆದುಕೊಟ್ಟ ಬಾಗಿಲಿನಿಂದ.

ಆ ವೃದ್ಧರ ಚೀಲದಲ್ಲಿ ಎಲ್ಲಕ್ಕೂ ಹಿಂದೆ, ಉಣ್ಣೆಯ ಟೊಪ್ಪಿಗೆಯನ್ನು ತೊಟ್ಟು, ನಿಜವಾದ ಮರದ ಸ್ಪೂನೊಂದಿದ್ದಿತು. ಅವರ ತಂದೆಯವರದಂತೆ. ಟೊಪ್ಪಿಗೆಯನ್ನು ತೆಗೆದು ನನಗೆ ತೋರಿಸಿದರು. ಎಣ್ಣೆಯುಂಡು ಜೇನಿನ ಬಣ್ಣಕ್ಕೆ ತಿರುಗಿದ್ದ ಪರ್ಸಿಮನ್ನಿನ ಎಳೆಗಳು ಬಿಸಿಲಿನಲ್ಲಿ ಹೊಳೆದವು, ತಳದ ತಗಡಿನಲ್ಲಿ ಗೀರುಗಳು ತುಂಬಿದ್ದವು. ಅದರಿಂದ ಅವರು ಹೊಡೆಯಲಿಲ್ಲ. ಕ್ಯಾಡಿಯು ನೀಡಿದ ಏಳನೆಯ ವುಡ್ಡನ್ನು ಹಿಡಿದು, ಈ ಸಲ ಹೆಗಲನ್ನು ಸಡಿಲಬಿಟ್ಟು, ಹುಲ್ಲನ್ನು ಸವರುವಂತೆ ಬೀಸಿದರು. ಚೆಂಡು ಹಳ್ಳವನ್ನು ದಾಟಿ, ಬುರುಜಿನ ತೆನೆಗಳಿಗಿಂತ ಮೇಲೆ ಏರಿ, ಅಲ್ಲಿ ಕ್ಷಣಕಾಲ ನಿಂತಂತೆ ತೋರಿ, ಆಚೆಯ ಹಸುರಿನಲ್ಲಿ ಇಳಿಯಿತು. ವೃದ್ಧರು ಮಾತಾಡದೆ ನೋಡುತ್ತ ನಿಂತರು. ಕ್ಯಾಡಿಯು ಕೋಲನ್ನು ಹಿಂದಕ್ಕೆ ತೆಗೆದುಕೊಂಡು, ತಳಕ್ಕೆ ಹತ್ತಿದ್ದ ಕೆಮ್ಮಣ್ಣನ್ನು ಒರೆಸಿ, ಸ್ಪೂನಿಗೆ ಟೊಪ್ಪಿಗೆಯನ್ನು ತೊಡಿಸಿ ಚೀಲದಲ್ಲಿಟ್ಟು, ಆನೆಮರದ ನೆರಳಿಗೆ ಸರಿದು, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಬೀಡಿಯನ್ನು ತೆಗೆದು ಹಚ್ಚಿಕೊಂಡನು.